ಗೋಡೆಗೆ ಆನಿಸಿಟ್ಟ ಘೋಡಿ

ಆ ಗ್ರೀಸಿನ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಚಕ್ಕಡಿಯ ಅಚ್ಚಿಗೆ ಹಚ್ಚುವಂಥದ್ದಲ್ಲ. ಕಾರಿನ ಮುಂದಿನ ಗಾಲಿ ತಿರುಗಿಸುವ ಶಾಫ್ಟಿನ ಕೀಲಿಗೆ ತುಂಬುತ್ತಾರಲ್ಲ, ಕಾಡಿಗೆಯಂಥ ಕರಿ ಗ್ರೀಸು, ಅದು. ಸುಟ್ಟ ಎಣ್ಣೆಯ ಘಾಟು, ಹಿಂದಿನಿಂದ ಕಬ್ಬಿಣದ ಒಗರು. ಹೋದ ವಾರ ಮುಲುಂಡಿನ ನಮ್ಮ ಬಿಲ್ಡಿಂಗಿನ ಗೇಟಿನಲ್ಲಿ ತಿರುಗಿಸುವಾಗ ನನ್ನ ಕಾರು ಟಕ್ ಟಕ್ ಅನ್ನಲು ಹತ್ತಿತು. ಇಳಿದು ಬಗ್ಗಿ ನೋಡಿದೆ. ಕೀಲು ಮುಚ್ಚುವ ರಬ್ಬರಿನ ಬೂಟು ಹರಿದು, ಗ್ರೀಸು ಗಾಲಿಯ ಒಳಮೈಗೆಲ್ಲ ಸಿಡಿದಿತ್ತು. ವಾಸನೆ ಮೂಗಿಗೆ ಬಡಿದದ್ದೇ ತಡ, ನಲವತ್ತು ದಾಟಿದ ಹೆಂಗಸು ನಾನು, ಕಾಂಪೌಂಡಿನ ಕಟ್ಟೆ ಹಿಡಿದು ಕೂತುಬಿಟ್ಟೆ. ವಾಚ್‌ಮನ್ ಓಡಿಬಂದು "ಪಾನಿ ಲಾವೂಂ ಮೇಡಂ?" ಅಂದ. ನೀರು ಕುಡಿದರೆ ಇಳಿಯುವಂಥದ್ದಲ್ಲೋ ತಮ್ಮಾ ಇದು ಅಂತ ಅವನಿಗೆ ಹೇಗೆ ಹೇಳಲಿ?

ನಮ್ಮ ಮನೆ ಸಾಂತಾಕ್ರೂಜಿನಲ್ಲಿತ್ತು. ಮನೆ ಅಂದರೇನು, ಅಪ್ಪನ ತಗಡಿನ ಗ್ಯಾರೇಜು, ಅದರ ಬೆನ್ನಿಗೆ ಒಂದು ಖೋಲಿ. ವಿಮಾನ ತಲೆಯ ಮೇಲೆ ಹಾದಾಗ ಮಾತು ಅರ್ಧಕ್ಕೆ ನಿಲ್ಲಿಸಿ, ಅದು ಇಳಿದ ಮೇಲೆ ಮುಂದುವರಿಸುತ್ತಿದ್ದೆವು. ಈಗ ಅಲ್ಲಿ ಯಾವುದೋ ಹೋಟೆಲಿನ ಪಾರ್ಕಿಂಗ್. ಅಪ್ಪ ಬಾಗಲಕೋಟೆ ಕಡೆಯಿಂದ ಗಾರೆ ಹೊರಲು ಬಂದು ಕಾರು ರಿಪೇರಿಯ ಮಿಸ್ತ್ರಿ ಆದವನು. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ; ಆದರೆ ಯಾವ ಪಾನಾ ಯಾವ ನಟ್ಟಿಗೆ ಅನ್ನುವುದು ಅವಳ ಬೆರಳಿಗೆ ಗೊತ್ತಿತ್ತು. ಅಪ್ಪ ಚಹಾ ಮುಗಿಸುವಷ್ಟರಲ್ಲಿ ಅವಳು ತನ್ನ ಹಳೆ ಸೀರೆಯೊಂದನ್ನು ನೆಲಕ್ಕೆ ಹಾಸಿ, ಸಾಮಾನನ್ನೆಲ್ಲ ಸೀಮೆಎಣ್ಣೆಯ ಅರಿವೆಯಲ್ಲಿ ಒರೆಸಿ, ಬೇಕಾಗುವ ಸರತಿಯಲ್ಲೇ ಜೋಡಿಸುತ್ತಿದ್ದಳು. ಬೂಟು ಬದಲಿಸುವ ಕೆಲಸವಾದರೆ ಮೊದಲು ಗಾಲಿಯ ನಡುವಿನ ದೊಡ್ಡ ನಟ್ಟಿನ ಪಾನಾ, ಅದಕ್ಕೆ ತೊಡಿಸುವ ಉದ್ದನೆ ಪೈಪು, ಜ್ಯಾಕು, ಆಮೇಲೆ ಎತ್ತಿದ ಕಾರನ್ನು ಹೊರುವ ಮೂರು ಕಾಲಿನ ಕಬ್ಬಿಣದ ಘೋಡಿ. ಸುತ್ತಿಗೆ, ಸೋರುವ ಎಣ್ಣೆ ಹಿಡಿಯಲು ತಗ್ಗು ಬೋಗುಣಿ, ಕೊನೆಗೆ ಹೊಸ ಬೂಟು, ಕ್ಲಾಂಪುಗಳು, ಗ್ರೀಸಿನ ಪುಡಿಕೆ. ಅಪ್ಪ ಅದಕ್ಕೆ ಹಾಸಿಗೆ ಅನ್ನುತ್ತಿದ್ದ. "ಅರ್ಧಾ ಕೆಲಸ ನಿಮ್ಮವ್ವನ ಹಾಸಿಗಿ ಮ್ಯಾಲೇ ಮುಗೀತದ" ಅಂತ ಗಿರಾಕಿಗಳ ಎದುರೇ ಹೇಳುತ್ತಿದ್ದ. ಅವ್ವ "ಆತು ನೋಡ್ರಿ" ಅನ್ನುವತನಕ ಒಂದು ಸ್ಕ್ರೂ ಮುಟ್ಟುತ್ತಿರಲಿಲ್ಲ.

ನನಗೆ ಒಂಬತ್ತು ವರ್ಷವಿದ್ದಾಗ ಅವರಿಬ್ಬರಿಗೂ ಮಾತು ಬಿಟ್ಟುಹೋಯಿತು. ತಪ್ಪು ಅಪ್ಪನದೇ. ಒಂದು ದಿನ ಅವ್ವ ನೀರಿನ ಸರತಿಗೆ ಹೋದಾಗ ತಾನೇ ಹಾಸಿಗೆ ಹಾಸಲು ಹೋಗಿ, ಟ್ರಂಕಿನಿಂದ ಕೈಗೆ ಸಿಕ್ಕ ಸೀರೆ ಎಳೆದುಕೊಂಡ. ಅದು ತೀರಿಹೋದ ನನ್ನ ಅಜ್ಜಿಯ ಇಳಕಲ್ ಸೀರೆ. ಅವ್ವ ಬಂದು ನೋಡಿದಾಗ ಕೆಂಪು ಸೆರಗಿನ ತುಂಬ ಕರಿ ಗ್ರೀಸು. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಮ್ಮಪ್ಪ ಬೈಗುಳಕ್ಕೆ ಹೆದರುವ ಪೈಕಿಯಲ್ಲ. ಬಾಯಿಗೆ ಬೀಗ ಹಾಕಿಕೊಂಡಳು, ಅಷ್ಟೇ. ನಾಲ್ಕು ದಿನ ಇಬ್ಬರ ನಡುವೆ ನಾನೇ ಟಪಾಲು. "ನಿಮ್ಮಪ್ಪಗ ಚಹಾ ಆಗೇದಂತ ಹೇಳು." "ನಿಮ್ಮವ್ವಗ ಸಕ್ರಿ ಕಡಿಮಿ ಅಂತ ಹೇಳು." ಒಂದೇ ಖೋಲಿ, ಒಬ್ಬರ ಉಸಿರು ಒಬ್ಬರಿಗೆ ಕೇಳುತ್ತಿತ್ತು. ನನಗೆ ಸಾಕುಸಾಕಾಗಿತ್ತು.

ಐದನೆಯ ದಿನ ಬೆಳಿಗ್ಗೆ ಬೂಟು ಹರಿದ ಒಂದು ಬಿಳಿ ಕಾರು ಬಂತು. ಅವ್ವ ಅದೇ ಕೆಟ್ಟ ಇಳಕಲ್ ಸೀರೆಯನ್ನು, ಹಟಕ್ಕೆ, ಹಾಸಿದಳು. ಘೋಡಿ ಒರೆಸುವಾಗ ಅವಳ ಕೈ ನಿಂತಿತು. ಒಂದು ಕಾಲಿನ ವೆಲ್ಡಿಂಗು ಕೂದಲೆಳೆಯಷ್ಟು ಬಿರಿದಿತ್ತು. ಅದನ್ನು ಹಾಸಿಗೆಯ ಮೇಲಿಡದೆ ಗೋಡೆಗೆ ಆನಿಸಿಟ್ಟು ನನ್ನನ್ನು ಕರೆದಳು. "ನಿಮ್ಮಪ್ಪಗ ಹೇಳು, ಘೋಡಿ ಕಾಲು ಬಿರಿದದ. ಬಾಜೂ ಗ್ಯಾರೇಜಿಂದ ತರ್ರಿ ಅಂತ." ಹೂಂ ಅಂದೆ. ಅಪ್ಪ ಬಂದ. ಅವ್ವ ಕಾರಿನಲ್ಲಿ ಕೂತು ಬ್ರೇಕು ಒತ್ತಿ ಹಿಡಿದಳು, ಅಪ್ಪ ಪೈಪಿನ ಮೇಲೆ ನಿಂತು ನಟ್ಟು ಸಡಿಲಿಸಿದ. ಕೆಲಸ ಇಬ್ಬರದು, ಮಾತು ಒಂದೂ ಇಲ್ಲ. ಅವಳು ಇಳಿದು ರೊಟ್ಟಿ ಬಡಿಯಲು ಒಳಗೆ ಹೋದಳು. ಅಪ್ಪ ಜ್ಯಾಕು ಏರಿಸಿ, ಘೋಡಿಗೆ ಕೈ ಚಾಚಿ, ಹಾಸಿಗೆ ನೋಡಿದ. ಆಮೇಲೆ ಗೋಡೆ ನೋಡಿ ನಕ್ಕ. "ಅಬಬಬ, ನಿಮ್ಮವ್ವನ ಸಿಟ್ಟು ನೋಡವಾ! ಘೋಡಿನೂ ಕೊಡವಲ್ಲಳು!" ರೊಟ್ಟಿಯ ಸಪ್ಪಳದಲ್ಲಿ ಅವ್ವನಿಗೆ ಅದು ಕೇಳಿಸಲಿಲ್ಲ. ನಾಲ್ಕು ದಿನದ ಮೇಲೆ ಅವನು ನಕ್ಕದ್ದು. ನನಗೆ ಎಷ್ಟು ಹಿಗ್ಗಾಯಿತೆಂದರೆ ನಾನೂ ನಕ್ಕೆ. ಅವ್ವ ಹೇಳಿದ ಮಾತು ತುಟಿಯವರೆಗೆ ಬಂದಿತ್ತು. ಅವನ ನಗು ಕೆಡಿಸುವುದೇಕೆ, ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಅವನೇ ಘೋಡಿ ಎತ್ತಿ ತಂದು ಕಾರಿನ ಕೆಳಗಿಟ್ಟು, ಜ್ಯಾಕು ಇಳಿಸಿ ಭಾರ ಬಿಟ್ಟ. ನಾನು ಗಲ್ಲಿಗೆ ಕುಂಟಾಟ ಆಡಲು ಓಡಿದೆ.

ಶಾಫ್ಟು ಹೊರಗೆ ಬರಬೇಕಾದರೆ ಜಗ್ಗಬೇಕು, ಜಗ್ಗಿದರೆ ಕಾರು ಅಲುಗುತ್ತದೆ. ಘೋಡಿ ಇರುವುದೇ ಅದಕ್ಕೆ. ನನಗೆ ದೊಡ್ಡ ಸದ್ದೇನೂ ನೆನಪಿಲ್ಲ. ಒಳಗಿನಿಂದ ಬರುತ್ತಿದ್ದ ರೊಟ್ಟಿಯ ಸಪ್ಪಳ ಥಟ್ಟನೆ ನಿಂತದ್ದು ನೆನಪಿದೆ. ರಸ್ತೆಯಲ್ಲಿದ್ದ ಟ್ಯಾಕ್ಸಿಯವರು ಕಾರನ್ನು ಕೈಯಿಂದಲೇ ಎತ್ತಿ ಅಪ್ಪನನ್ನು ಎಳೆದರು. ಪಾನಾಗಳನ್ನೆಲ್ಲ ಕೊಡವಿ, ಆ ಇಳಕಲ್ ಸೀರೆಯಲ್ಲೇ ಅವನನ್ನು ಹೊತ್ತರು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಮೂರನೆಯ ದಿನ ಅವ್ವ ನನ್ನನ್ನು ಎದುರಿಗೆ ಕೂರಿಸಿಕೊಂಡು ಕೇಳಿದಳು, "ನೀ ಹೇಳಿದ್ದಿ ಹೌದಲ್ಲ?" ಅವಳ ಕಣ್ಣು ನೋಡಿ ಹೆದರಿ, "ಹೇಳಿದ್ದೆ" ಅಂದೆ. ನೋಡಿ, ಒಂದು ಶಬ್ದ. ಅವ್ವ ತಲೆ ಅಲ್ಲಾಡಿಸಿದಳು. "ಕೇಳಿನೂ ಆ ಘೋಡಿನೇ ಹಚ್ಚಿದ್ರು. ನನ್ನ ಮ್ಯಾಲಿನ ಹಟಕ್ಕ ಹಚ್ಚಿದ್ರು." ಮೂವತ್ತು ವರ್ಷಕ್ಕೂ ಹೆಚ್ಚು ಅವಳು ಹಾಗೇ ನಂಬಿ ಬದುಕಿದಳು. ಖಾನಾವಳಿಯಲ್ಲಿ ರೊಟ್ಟಿ ಬಡಿದು ನನ್ನನ್ನು ಓದಿಸಿದಳು. ಮುಲುಂಡಿನ ಮನೆಯಲ್ಲಿ ಮೊಮ್ಮಗಳಿಗೆ ಜಡೆ ಹಾಕುತ್ತ, ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನು ಸಾವಿರ ಸಲ ಬಾಯಿ ತೆರೆದೆ. ಅಪ್ಪ ಹಟ ಮಾಡಲಿಲ್ಲ ಅವ್ವಾ, ನಗುತ್ತಿದ್ದ, ನಿನ್ನ ಸಿಟ್ಟಿನ ಮೇಲೂ ಅವನಿಗೆ ಪ್ರೀತಿಯಿತ್ತು, ಅಂತ ಹೇಳಬೇಕಿತ್ತು. ಹೇಡಿ ನಾನು, ಹೇಳಲಿಲ್ಲ. ಹೋದ ವರ್ಷ ಆಸ್ಪತ್ರೆಯ ಹಾಸಿಗೆಯಲ್ಲಿ ಅವಳ ಕಡೆಯ ಮಾತುಗಳಲ್ಲಿ ಒಂದು ಇದು: "ಅಲ್ಲಿ ಹೋದ ಮ್ಯಾಲಾದ್ರೂ ನನ್ ಕೂಡ ಮಾತಾಡ್ತಾರೋ ಇಲ್ಲೋ." ನಾನು ಅವಳ ಕಾಲು ಒತ್ತುತ್ತ ಕೂತಿದ್ದೆ.

ಮೊನ್ನೆ ಕಾರನ್ನು ರಿಪೇರಿಗೆ ಒಯ್ದೆ. ನೆರೆತ ಗಡ್ಡದ ಮಿಸ್ತ್ರಿ ಪಾನಾಗಳನ್ನು ನೆಲಕ್ಕೆ ಚೆಲ್ಲಿಕೊಂಡು, ಬರೀ ಜ್ಯಾಕಿನ ಮೇಲೆ ಕಾರು ನಿಲ್ಲಿಸಿ, ಶಾಫ್ಟು ಜಗ್ಗಲು ಕೆಳಗೆ ತೂರುತ್ತಿದ್ದ. ನಾನು ಚೀರಿದೆ. "ದೋ ಮಿನಿಟ್ ಕಾ ಕಾಮ್ ಹೈ ಮೇಡಂ" ಅಂತ ಅವನು ನಕ್ಕ, ಥೇಟ್ ಅಪ್ಪನ ಹಾಗೆ. ನಾನು ಅವನ ತೋಳು ಹಿಡಿದು ಎಬ್ಬಿಸಿದೆ. "ಘೋಡಿ ತಾ. ಅದರ ಕಾಲು ಬಿರಿದದೇನು ನೋಡು, ನೋಡಿ ಹಚ್ಚು" ಅಂದೆ. ಕನ್ನಡದಲ್ಲಿ ಅಂದಿದ್ದೆ. ಅವನು ಪಿಳಿಪಿಳಿ ನೋಡಿದ. ಹಿಂದಿಯಲ್ಲಿ ಮತ್ತೊಮ್ಮೆ ಹೇಳಿ, ಅವನು ಘೋಡಿ ತಂದು, ಮೂರೂ ಕಾಲು ತೋರಿಸಿ, ಇಡುವತನಕ ಅಲ್ಲೇ ನಿಂತೆ. ನನ್ನ ಒಂಬತ್ತನೆಯ ವಯಸ್ಸಿನಲ್ಲಿ ಅವ್ವ ಹೇಳಿ ಕಳಿಸಿದ ಮಾತು ಅದು. ಅಂತೂ ಹೇಳಿದೆ. ಕೇಳಬೇಕಾಗಿದ್ದವರು ಇಬ್ಬರೂ ಇರಲಿಲ್ಲ.