ಎದುರಾಳಿಯ ಮಾತು ಮೊದಲು

ನನ್ನ ಹೆಂಡತಿಯ ತಂದೆ ಪುಣೆ ಜಿಲ್ಲೆಯ ಒಂದು ತಾಲೂಕು ಊರಿನಲ್ಲಿ ವಕೀಲರಾಗಿದ್ದರು. ಬಾರಾಮತಿಯ ರೈಲಿನಿಂದ ನಡುವೆ ಇಳಿದು ಟಾಂಗಾ ಹಿಡಿಯಬೇಕಾದ ಊರು. ಮನೆತನ ವಿಜಾಪುರದ ಕಡೆಯದು. ಕೋರ್ಟಿನಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಆ ವರ್ಷಗಳಲ್ಲಿ ಊರ ಮುನಿಸಿಪಾಲಿಟಿಗೆ ಅವರೇ ಅಧ್ಯಕ್ಷರು. ನಾನು ಪುಣೆಯ ಪತ್ರಿಕೆಯೊಂದಕ್ಕೆ ಕೋರ್ಟಿನ ಸುದ್ದಿ ಬರೆಯುತ್ತಿದ್ದೆ. ಎಷ್ಟೋ ವಕೀಲರ ವಾದ ಕೇಳಿದ್ದೇನೆ. ಮಾವನವರ ಹಾಗೆ ವಾದಿಸಿದ ಇನ್ನೊಬ್ಬರನ್ನು ಕಾಣಲಿಲ್ಲ.

ಅವರು ಎದ್ದು ನಿಂತರೆ ಮೊದಲು ಎದುರಾಳಿಯ ಪಕ್ಷವನ್ನೇ ಹೇಳುತ್ತಿದ್ದರು. ಕಾಟಾಚಾರಕ್ಕಲ್ಲ. ಎದುರಿನ ವಕೀಲ ಮರೆತಿದ್ದನ್ನೂ ಸೇರಿಸಿ, ಅವನಿಗಿಂತ ಚೆನ್ನಾಗಿ ಹೇಳುತ್ತಿದ್ದರು. ಸಬ್‌ಜಡ್ಜರು ತಲೆದೂಗುತ್ತಿದ್ದರು, ಸ್ವಂತ ಕಕ್ಷಿಗಾರನ ಮುಖ ಸಪ್ಪಗಾಗುತ್ತಿತ್ತು. ಆಮೇಲೆ ಒಂದು ಗುಟುಕು ನೀರು ಕುಡಿದು, ತಾವೇ ಕಟ್ಟಿದ ಗೋಡೆಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಕೆಳಗಿಡುತ್ತಿದ್ದರು. ಮೊದಲ ಸಲ ಅದನ್ನು ನೋಡಿದಾಗ ನಾನು ಬರೆದುಕೊಳ್ಳುವುದನ್ನೇ ಮರೆತಿದ್ದೆ.

ಆ ವರ್ಷದ ಚುನಾವಣೆಯಲ್ಲಿ ಇದ್ದ ಪ್ರಶ್ನೆ ಕುಂಬಾರರ ಗಲ್ಲಿಯ ನಳದ್ದು. ಕಬ್ಬಿಗೆ ನೀರು ಬಿಡುವ ಪಾಳಿ ಮುಗಿದು ಕಾಲುವೆ ನಿಂತಿತೆಂದರೆ ಆ ಗಲ್ಲಿಯ ಬಾವಿಯೂ ಬತ್ತಿ ಹೆಂಗಸರು ನದಿಯ ಮರಳು ತೋಡಿ ಬೊಗಸೆ ಬೊಗಸೆ ನೀರು ತುಂಬಬೇಕಿತ್ತು. ಮಾವನವರು ಮನೆಪಟ್ಟಿಯ ತೆರಿಗೆ ಏರಿಸಿ ಕಬ್ಬಿಣದ ಪೈಪು ತರಿಸಿದ್ದರು. ಪೈಪುಗಳು ಸ್ಟೇಷನ್ನಿನ ಅಂಗಳದಲ್ಲಿ ಬಿದ್ದಿದ್ದವು. ಇವರು ಗೆದ್ದರೆ ಅವು ಕುಂಬಾರರ ಗಲ್ಲಿಗೆ, ಸೋತರೆ ಪೇಟೆಗೆ. ಪೇಟೆಯಲ್ಲಿ ಆಗಲೇ ನಳವಿತ್ತು. ಇನ್ನೊಂದು ಸಾಲು ಬೇಕೆನ್ನುತ್ತಿದ್ದರು. ತೆರಿಗೆ ಕೊಡುವವರಿಗಷ್ಟೇ ಮತವಿದ್ದ ಕಾಲ. ಕುಂಬಾರರಲ್ಲಿ ಮತವಿದ್ದವರು ಕಡಿಮೆ.

ಎದುರು ನಿಂತವರು ಬೆಲ್ಲದ ವ್ಯಾಪಾರಿ, ಅವರೂ ವಿಜಾಪುರದ ಕಡೆಯ ಕನ್ನಡದವರೇ. ಹಬ್ಬದಲ್ಲಿ ಎರಡೂ ಮನೆಗಳ ನಡುವೆ ಹೋಳಿಗೆ ಓಡಾಡುತ್ತಿತ್ತು.

ಚೌಕದ ಸಭೆಗೆ ಹೊರಡುವ ಮುಂಚೆ ಊಟಕ್ಕೆ ಕೂತಿದ್ದೆವು. ಅತ್ತೆಯವರು ರೊಟ್ಟಿ ಹಾಕುತ್ತ ಹೇಳಿದರು: "ಅಲ್ಲಿ ಕೋರ್ಟಿನ್ಹಂಗ ಶುರು ಮಾಡಬ್ಯಾಡ್ರಿ. ಜಡ್ಜ್ ಸಾಹೇಬ್ರಿಗೆ ನಡುವ ಎದ್ದು ಹೋಗಾಕ ಬರೂದಿಲ್ಲ. ಚೌಕದಾಗಿನ ಮಂದಿಗೆ ಬರ್ತದ."

"ಪೂರಾ ಕೇಳದ ಯಾರರ ವೋಟ್ ಹಾಕ್ತಾರೇನು?"

"ನಾ ನಿಮ್ಮನ್ನ ಪೂರಾ ತಿಳಕೊಂಡು ಲಗ್ನ ಆದ್ನೇನು?"

ಮಾವನವರು ನನ್ನ ಕಡೆ ತಿರುಗಿದರು. "ಇದು ಪೇಪರಿನ್ಯಾಗ ಬರೂದು ಬ್ಯಾಡ್ರಿ, ಅಳಿಯಂದಿರ."

ಸಂಜೆ ಚೌಕ ತುಂಬಿತ್ತು. ಮಾವನವರು ಅವರ ಪದ್ಧತಿಯಂತೆಯೇ ಶುರು ಮಾಡಿದರು. ಪೇಟೆಯವರು ಹೆಚ್ಚು ತೆರಿಗೆ ಕೊಡುತ್ತಾರೆ. ಕೊಟ್ಟವನ ಬಾಗಿಲಿಗೆ ನೀರು ಮೊದಲು ಬರಬೇಕೆಂಬುದು ದುರಾಸೆಯಲ್ಲ, ನ್ಯಾಯ. ಕುಂಬಾರರ ಗಲ್ಲಿ ತಗ್ಗಿನಲ್ಲಿದೆ. ಅಲ್ಲಿ ನಳ ಬಿಟ್ಟರೆ ಮೇಲಿನವರಿಗೆ ನೀರು ಸಣ್ಣಗಾಗುತ್ತದೆ. ಒಂದೊಂದು ಮಾತಿಗೂ ಪೇಟೆಯವರು ಚಪ್ಪಾಳೆ ತಟ್ಟಿದರು. ಮಾವನವರು ನೀರಿನ ಲೋಟಕ್ಕೆ ಕೈ ಹಾಕಿದ್ದರು, ಅಷ್ಟರಲ್ಲಿ ಮುಂಗಾರಿನ ಮೊದಲ ಮಳೆ ರಪರಪನೆ ಬಿತ್ತು. ಜನ ಚದುರಿದರು. ಅರ್ಧ ವಾದವನ್ನು ಪೂರ್ತಿ ಎಂದು ನಂಬಿಕೊಂಡೇ ಮನೆಗೆ ಓಡಿದರು.

ನಾನು ಅಂಗಡಿಯೊಂದರ ಸೂರಿನಡಿ ನಿಂತೆ. ಚೌಕದಲ್ಲಿ ಉಳಿದವರು ಒಬ್ಬರೇ: ವಾದ ಕೇಳಲೆಂದೇ ಬಂದಿದ್ದ ಬೆಲ್ಲದ ವ್ಯಾಪಾರಿ, ಕೊಡೆ ಹಿಡಿದುಕೊಂಡು.

"ಸಾಕು ಮಾಡ್ರಿ ವಕೀಲ್ರ. ನೆಗಡಿ ಆದೀತು."

"ಮುಗಿದಿಲ್ರಿ ಇನ್ನ. ನೀವು ಬೇಕಾದ್ರ ಹೋಗ್ರಿ."

"ಇಷ್ಟೊತ್ತು ನನ್ನ ಪರ ಮಾತಾಡೀರಿ. ನಡುವ ಹ್ಯಾಂಗ ಹೋಗ್ಲಿ?"

ಮಾವನವರು ಮತ್ತೆ ಮರಾಠಿಗೆ ಹೊರಳಿ ಉಳಿದರ್ಧ ಶುರು ಮಾಡಿದರು. ಅದೇ ಏರುದನಿ, ತುಂಬಿದ ಚೌಕಕ್ಕೆ ಬೇಕಾದಷ್ಟೇ ದನಿ. ರುಮಾಲಿನಿಂದ ನೀರು ಇಳಿಯುತ್ತಿತ್ತು. ನಳವಿದ್ದವನಿಗೆ ಇನ್ನೊಂದು ನಳ ಬಂದರೆ ಅನುಕೂಲ. ಇಲ್ಲದವನ ಮನೆಯಲ್ಲಿ ಕೂಸು ಅಳುತ್ತಿದೆ ಎಂದರು. ಪೇಟೆಯಲ್ಲಿ ನೀರು ಸಣ್ಣಗಾದರೆ ಕೊಡ ತುಂಬಲು ಇನ್ನಷ್ಟು ಹೊತ್ತು ನಿಲ್ಲಬೇಕು, ತಗ್ಗಿನ ಹೆಂಗಸರು ಹುಟ್ಟಿದಾಗಿನಿಂದ ನಿಂತೇ ಇದ್ದಾರೆ ಎಂದರು. ಒಂದು ಮಾತನ್ನೂ ಮೊಟಕು ಮಾಡಲಿಲ್ಲ. ತಮ್ಮನ್ನು ಸೋಲಿಸಲು ನಿಂತ ಒಬ್ಬನೇ ಮನುಷ್ಯನಿಗೆ ಇಡೀ ಊರಿಗೆ ಹೇಳುವ ಹಾಗೆ ಹೇಳಿ ಮುಗಿಸಿ, ಕೈ ಮುಗಿದು ಇಳಿದರು. ಆಮೇಲೆ ದೊಡ್ಡ ದೊಡ್ಡವರ ಭಾಷಣ ವರದಿ ಮಾಡಿದ್ದೇನೆ. ಮೈಮೇಲೆ ಮುಳ್ಳೆದ್ದದ್ದು ಆ ಸಂಜೆ ಮಾತ್ರ.

ಚುನಾವಣೆಯಲ್ಲಿ ಸೋತರು. ವ್ಯಾಪಾರಿ ಅಧ್ಯಕ್ಷರಾದರು. ಹೊಸ ಸಭೆಯ ಮೊದಲ ದಿನವೇ ಪೈಪಿನ ವಿಷಯ ಬಂತು. ನಾನು ಪ್ರೇಕ್ಷಕರ ಬೆಂಚಿನಲ್ಲಿದ್ದೆ. ಪೇಟೆಯ ಸದಸ್ಯರು ಒಬ್ಬರಾದ ಮೇಲೆ ಒಬ್ಬರು ಎದ್ದು, ಚೌಕದಲ್ಲಿ ಕೇಳಿದ್ದ ಮಾತುಗಳನ್ನೇ ಹೇಳಿದರು. ಅಧ್ಯಕ್ಷರು ಕೊನೆಗೆ ಕನ್ನಡ ಬಲ್ಲ ಪಕ್ಕದ ಸದಸ್ಯರೊಬ್ಬರಿಗೆ ಕನ್ನಡದಲ್ಲಿ, ಗೊಣಗುವ ಹಾಗೆ ಅಂದರು: "ನೀವು ಮಳಿ ಬಂತಂತ ಓಡಿದ್ರಿ. ನಾ ನಿಂತು ಪೂರಾ ಕೇಳಿಬಿಟ್ಟೀನಿ. ಈಗೇನು ಮಾಡ್ಲಿ?"

ಪೈಪು ಕುಂಬಾರರ ಗಲ್ಲಿಗೇ ಹೋಗಲಿ ಎಂದು ಅವರು ಮರಾಠಿಯಲ್ಲಿ ಹೇಳಿದ್ದೇ ಪೇಟೆಯವರು ಮೇಜು ಕುಟ್ಟಿದರು. ಹಗ್ಗ ಜಗ್ಗಾಟವಾಗಿ, ಕಡೆಗೆ ಪೈಪುಗಳು ಕುಂಬಾರರ ಗಲ್ಲಿಯ ನಡುವಿನವರೆಗೆ ಹೋಗಲಿ, ಉಳಿದವು ಪೇಟೆಗೆ ಎಂದು ಠರಾವಾಯಿತು.

ಸುದ್ದಿ ಹೇಳಲು ಕೋರ್ಟಿಗೆ ಓಡಿದೆ. ಮಾವನವರು ಪಡಸಾಲೆಯಲ್ಲಿ ಕಕ್ಷಿಗಾರನೊಬ್ಬನ ಜೊತೆ ನಿಂತಿದ್ದರು. ಎಲ್ಲವನ್ನೂ ಕೇಳಿಕೊಂಡರು. ಮುಖದಲ್ಲಿ ಗೆಲುವೂ ಕಾಣಲಿಲ್ಲ, ಸೋಲೂ ಕಾಣಲಿಲ್ಲ.

"ನಡುವಿನತನಕ ಅಂದ್ರ ಬಾವಿಕಟ್ಟಿತನಕೋ, ಅದರ ಆಚಿಗೋ?"

"ಬಾವಿಕಟ್ಟಿತನಕ."

"ಅದರಾಚೆ ಭಾಳ ಮನಿ ಅದಾವ," ಅಂದರು. ಒಳಗೆ ಅವರ ಮೊಕದ್ದಮೆಯ ಹೆಸರು ಕೂಗಿದರು. "ಸಂಜಿಕ ಆ ಮನಿಗಳವರಿಗೆ ನಮ್ಮನಿಗೆ ಬರಾಕ ಹೇಳ್ರಿ, ಉಳಿದ ಪೈಪಿಗೆ ಅರ್ಜಿ ಬರಿಯೂಣು," ಎಂದು ಕರಿ ಕೋಟು ಸರಿಮಾಡಿಕೊಂಡು ಒಳಗೆ ಹೋದರು.