ಮೇಡಮ್ಮಿನ ಪುಸ್ತಕ

ಕುವೈತಿಗೆ ಆಯಾ ಕೆಲಸಕ್ಕೆ ಕಳಿಸೋ ಹಿಂದೂಪುರದ ಏಜೆಂಟು ಅರ್ಜಿಯಲ್ಲಿ ನನ್ನ ಮೂರು ಮಕ್ಕಳನ್ನೂ ಒಂದೇ ಗೀಟಲ್ಲಿ ಹೊಡೆದ್ಹಾಕ್ಬುಟ್ಟ.

"ಮಕ್ಕಳಿರೋರು ಊರು ನೆನೆಸ್ಕೊಂಡು ಅಳ್ತಾ ಕೂರ್ತಾರೆ ಅಂತ ಅಲ್ಲಿಯೋರು ಬೇಡ ಅಂತಾರೆ ಕಣಮ್ಮ. ನಿಂಗೆ ಮದುವೇನೇ ಆಗಿಲ್ಲ, ತೆಲ್ಸಿಂದಾ, ತಿಳೀತಾ?"

ಮೂರು ಹೆತ್ತೋಳಿಗೆ ಕುವೈತಿನ ಮೇಡಮ್ಮು ಪುಸ್ತಕ ಹಿಡ್ಕೊಂಡು ಕೂಸು ಎತ್ಕೊಳ್ಳೋದು ಕಲಿಸಿದ್ಳು. ನಾನೂ ಬೇಕಂತ್ಲೇ ತಡವರಿಸ್ದೆ.

ಒಂದಿನ ಕೂಸು ಹೊಟ್ಟೆನೋವಿಗೆ ಕಿರುಚ್ತಾನೇ ಇತ್ತು. ಮೇಡಮ್ಮು ಪುಟ ತಿರುವ್ತಾನೇ ಇದ್ಳು. ನಂಗೆ ತಡೀಲಿಲ್ಲ. ನೆಲದ ಮೇಲೆ ಕಾಲು ಚಾಚಿ ಕೂತು, ಕೂಸನ್ನ ಕಾಲ್ಮೇಲೆ ಬೋರಲು ಮಲಗಿಸಿ, ಬೆನ್ನಿಗೆ ಬೆಚ್ಚನೆ ಎಣ್ಣೆ ತಿಕ್ಕಿದೆ. ಗಾಳಿ ಹೋಯ್ತು, ಕೂಸು ನಕ್ತು.

"ಇದೆಲ್ಲಿ ಕಲ್ತೆ?" ಮೇಡಮ್ಮು ಅನುಮಾನದಿಂದ ನೋಡಿದ್ಳು.

ಕೆಲಸ ಹೋಯ್ತು ಅಂದ್ಕೊಂಡೆ. "ನಿಮ್ ಪುಸ್ತಕದಲ್ಲೇ ಮೇಡಂ" ಅಂದ್ಬುಟ್ಟೆ, ಅಕ್ಷರ ಗೊತ್ತಿಲ್ಲದ ಹೆಬ್ಬೆಟ್ಟು ನಾನು.

ಅವತ್ತಿಂದ ಮೇಡಮ್ಮು ಮನೆಗೆ ಬಂದೋರ ಮುಂದೆಲ್ಲ ಆ ಪುಸ್ತಕ ಹೊಗಳಿದ್ದೇ ಹೊಗಳಿದ್ದು. ನಾನು ರಜಕ್ಕೆ ಹೊರಟಾಗ ಅದನ್ನ ನನ್ನ ಕೈಗೇ ಕೊಟ್ಟು, "ಇಟ್ಕೋ, ಮುಂದೆ ನಿನಗೂ ಮಕ್ಕಳಾದಾಗ ಬೇಕಾಗುತ್ತೆ" ಅಂದ್ಳು.

ಇಲ್ಲದ ನನ್ನ ಮಕ್ಕಳು ನಮ್ಮೂರು ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲೇ ಅದಕ್ಕೆ ಕಿತ್ತಾಡಿ, ಮೂರು ಪಾಲು ಮಾಡ್ಕೊಂಡ್ವು.