ಕಾಗದದ ಮೇಲೆ ನನಗೆ ಇಪ್ಪತ್ತೆಂಟು

ನಿಜಾಮರ ಸೀಮೆಗೆ ಭಾರತದ ಸೈನ್ಯ ಬಂದ ಪೊಲೀಸ್ ಆಕ್ಷನ್ ಆಗಿ ಎರಡು ವರ್ಷ ತುಂಬುತ್ತ ಬಂದಿತ್ತು. ನಮ್ಮದಿನ್ನೂ ಹೈದರಾಬಾದ್ ರಾಜ್ಯ. ಭಾಲ್ಕಿಯ ಗಂಜ್ ಪೇಟೆಯಲ್ಲಿ ಚೀಲ ಹೊರುತ್ತಿದ್ದ ಹಮಾಲನ ಮಗ ನಾನು ಆ ಬೇಸಿಗೆಯಲ್ಲಿ ಇಂಟರ್ ಪಾಸಾಗಿದ್ದೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲಿಗನೇ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಹೈದರಾಬಾದಿನ ಎರಡು ಕಾಲೇಜುಗಳಿಗೆ ಅರ್ಜಿ ಹಾಕಿದ್ದೆ. ಒಂದರಲ್ಲಿ ಬಿ.ಎ. ಅದು ಮುಗಿದರೆ ತಹಸೀಲ್ ಕಚೇರಿಯಲ್ಲಿ ಕುರ್ಚಿ ಹೆಚ್ಚುಕಡಿಮೆ ಖಾತ್ರಿ. ಇನ್ನೊಂದರಲ್ಲಿ ಬಿ.ಎಸ್ಸಿ., ಅದರ ಜೊತೆಗೇ ವಿಮಾನದ ಪಾಠ. ಆರಿಸಿದ ಕೆಲವು ಹುಡುಗರಿಗೆ ಸರ್ಕಾರದ ಖರ್ಚಿನಲ್ಲೇ ವಿಮಾನ ಹಾರಿಸುವುದನ್ನೂ ಕಲಿಸುತ್ತಾರಂತೆ. ನನ್ನ ಮನಸ್ಸು ಅದರ ಮೇಲೇ ನಿಂತಿತ್ತು.

ಅವ್ವನಿಗೆ ಮಾತ್ರ ವಿಮಾನವೆಂದರೆ ಆಗದು. ಪೊಲೀಸ್ ಆಕ್ಷನ್ನಿನ ದಿನ ಬೀದರದ ಕಡೆಗೆ ವಿಮಾನಗಳು ಹೋದಾಗ ಆಕೆ ನನ್ನ ತಂಗಿಯನ್ನು ಅವುಚಿಕೊಂಡು ತೊಗರಿ ಹೊಲದಲ್ಲಿ ಬೋರಲು ಮಲಗಿದ್ದಳು.

"ಬಾಂಬ್ ಒಗೀಲಾಕ ಹೊಂಟೀ ಏನು?" ಎಂದಳು.

"ಬಾಂಬ್ ಅಲ್ಲವ್ವ. ಟಪಾಲು, ಮಂದಿ, ಎಲ್ಲಾ ವಿಮಾನದಾಗೇ ಹೋಗ್ತಾವ ಈಗ."

"ಮಂದಿಗಿ ರೈಲ್ ಇಲ್ಲೇನು?"

ಅಪ್ಪ ಬೀಡಿ ಆರಿಸಿ, "ಬೆನ್ನ ಮ್ಯಾಲ ಚೀಲ ಹೊರೋದು ಬಿಟ್ಟು ಬ್ಯಾರೆ ಏನರ ಮಾಡ್ಲಿ ಬಿಡು. ಮ್ಯಾಲ ಹೋದ್ರೂ ಚಿಂತಿಲ್ಲ" ಎಂದ. ಅಲ್ಲಿಗೆ ಆ ಮಾತು ಮುಗಿಯಿತು.

ಅಷ್ಟರಲ್ಲಿ ಕಾಲೇಜಿನಿಂದ ಕಾಗದ ಬಂತು. ತರಬೇತಿಗೆ ಇಪ್ಪತ್ತೆರಡು ವರ್ಷ ದಾಟಿರಬಾರದು, ನಿನಗೆ ಇಪ್ಪತ್ತೆಂಟು ಆಗಿದೆ, ಅರ್ಜಿ ನಾಮಂಜೂರು ಎಂದು. ಬಿ.ಎ.ಗೆ ಸೀಟು ಸಿಕ್ಕಿತ್ತು. ಎರಡೂ ಕಾಲೇಜುಗಳಲ್ಲಿ ಸೇರಲು ಸೋಮವಾರವೇ ಕಡೆಯ ದಿನ. ಅಂದು ಗುರುವಾರ.

ನನಗೆ ಆಗ ಹದಿನೆಂಟು. ಮೀಸೆ ಕೂಡ ಸರಿಯಾಗಿ ಚಿಗುರಿರಲಿಲ್ಲ. ಶಾಲೆಯ ಪ್ರಮಾಣಪತ್ರ ತೆಗೆದು ನೋಡಿದೆ. ಹುಟ್ಟಿದ ವರ್ಷದ ಜಾಗದಲ್ಲಿ ಸನ್ 1341 ಎಂದಿತ್ತು. ಅದರಲ್ಲಿ ತಪ್ಪೇನಿದೆ ಎಂದು ನನಗೆ ಹೊಳೆಯಲಿಲ್ಲ. ಅದನ್ನು ಬರೆದವರು ನನ್ನನ್ನು ಶಾಲೆಗೆ ಸೇರಿಸಿಕೊಂಡಿದ್ದ ಮೌಲ್ವಿ ಸಾಹೇಬರು. ಅವರನ್ನೇ ಕೇಳಬೇಕಿತ್ತು. ಆದರೆ ಪೊಲೀಸ್ ಆಕ್ಷನ್ ಆದಮೇಲೆ ಮುಸಲ್ಮಾನರ ಮೇಲೆ ಎದ್ದ ಗದ್ದಲದಲ್ಲಿ ಅವರ ಮನೆ ಸುಟ್ಟಿತ್ತು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೀದರಕ್ಕೆ ಹೋದರೆಂದು ಕೇಳಿದ್ದೆವು. ಅವರ ಕೈಯಲ್ಲಿ ಅಕ್ಷರ ಕಲಿತ ನಾವು ಯಾರೂ ಈ ಎರಡು ವರ್ಷದಲ್ಲಿ ಅವರು ಹೇಗಿದ್ದಾರೆಂದು ನೋಡಿ ಬಂದಿರಲಿಲ್ಲ. ಈಗ ಯಾವ ಮುಖ ಹೊತ್ತು ಹೋಗುವುದು?

ಆದರೂ ಮರುದಿನ ಬೆಳಗಿನ ಗಾಡಿ ಹತ್ತಿದೆ. ಬೀದರದಲ್ಲಿ ಕೇಳುತ್ತ ಕೇಳುತ್ತ ಹೋದೆ. ಕೋಟೆಯ ಹತ್ತಿರದ ಓಣಿಯೊಂದರಲ್ಲಿ, ಭಾವಮೈದುನನ ಮನೆಯ ಕಟ್ಟೆಯ ಮೇಲೆ ಕುಳಿತು ಮೌಲ್ವಿ ಸಾಹೇಬರು ನಾಲ್ಕು ಹುಡುಗರಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಗಡ್ಡ ಪೂರಾ ಬೆಳ್ಳಗಾಗಿತ್ತು. ನಾನು ಕಾಲು ಮುಟ್ಟಿದೆ.

"ಅರೆ, ಹಮಾಲ್ ಶಿವಪ್ಪನ ಮಗ ಅಲ್ಲೇನೋ ನೀ? ಕೆಲಸ ಇಲ್ದೇ ಬಂದಿಲ್ಲ. ಹೇಳು."

ನಾನು ತಲೆ ತಗ್ಗಿಸಿ ಎರಡೂ ಕಾಗದ ಕೊಟ್ಟೆ. ಓದಿ ಬೆರಳಿನ ಮೇಲೆ ಏನೋ ಎಣಿಸಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇದು ಫಸಲಿ ಸನ್ ಅದ ಬೇಟಾ! ಅವ್ರು ಹಿಜ್ರಿ ತಿಳ್ಕೊಂಡಾರ. ಹಿಜ್ರಿ ಈಗ 1369, ಅದರಾಗ ನಿಂದು ಕಳದ್ರ ಇಪ್ಪತ್ತೆಂಟು. ಫಸಲಿ ಈಗ 1359, ಅದರಾಗ ಕಳದ್ರ ಹದಿನೆಂಟು. ಒಂದೇ ಕಾಗದಕ್ಕ ಹತ್ತು ವರ್ಷ ಮುದುಕ ಆದಿ ನೋಡು!"

ನಿಜಾಮರ ಕಾಲದಲ್ಲಿ ಮಸೀದಿಗೆ ಹಿಜ್ರಿ, ಕಚೇರಿಗೂ ಶಾಲೆಗೂ ಬೆಳೆಯ ಹಂಗಾಮಿನ ಫಸಲಿ ವರ್ಷ. ಯಾರೂ ಬಿಡಿಸಿ ಬರೆಯುತ್ತಿರಲಿಲ್ಲ. ಆಕ್ಷನ್ ಆದಮೇಲೆ ಹೊರಗಿನಿಂದ ಬಂದ ಗುಮಾಸ್ತರಿಗೆ ಅದು ಹೇಗೆ ತಿಳಿಯಬೇಕು?

"ಒಂದು ಚೀಟಿ ಬರೆದುಕೊಡ್ರಿ ಸಾಹೇಬ್ರ, ನಾ ಒಯ್ದು ತೋರಿಸ್ತೇನಿ" ಎಂದೆ.

"ನನ್ನ ಚೀಟಿ ಈಗ ಯಾರು ನಂಬ್ತಾರ? ಫಸಲಿ ಅನ್ನೋ ಮೂರು ಅಕ್ಷರ ಬರೀದಿದ್ದವ ನಾ. ತಪ್ಪು ನಂದ ಅದ. ನಾನೇ ಬರ್ತೇನಿ."

ಬೇಡವೆಂದರೂ ಕೇಳಲಿಲ್ಲ. ಆ ಎರಡು ವರ್ಷ ಅವರು ಬೀದರ ಬಿಟ್ಟು ಹೊರಗೆ ಕಾಲಿಟ್ಟಿರಲಿಲ್ಲವೆಂದು ಅವರ ಬೀಬಿ ಬಾಗಿಲ ಹಿಂದಿನಿಂದ ಹೇಳಿದರು. ಹೈದರಾಬಾದಿನ ರೈಲು ಗಾಡಿಯಲ್ಲಿ ಎದುರಿನವರು ಅವರ ಟೋಪಿಯನ್ನೇ ದಿಟ್ಟಿಸುತ್ತಿದ್ದರು. ಮೌಲ್ವಿ ಸಾಹೇಬರು ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತರು. ನಾನು ಅವರಿಗೂ ಆ ಮಂದಿಗೂ ನಡುವೆ ಸರಿದು ಕುಳಿತೆ. ನನ್ನಿಂದ ಆದದ್ದು ಅಷ್ಟೇ.

ಸೋಮವಾರ ಕಾಲೇಜಿನ ಗುಮಾಸ್ತ ಕಾಗದದಿಂದ ತಲೆ ಎತ್ತಲೇ ಇಲ್ಲ. "ಒಮ್ಮೆ ನಾಮಂಜೂರಾದರೆ ಆಯಿತು" ಎಂದ. ಮಧ್ಯಾಹ್ನ ಮೂರಕ್ಕೆ ಬಿ.ಎ. ಕಾಲೇಜಿನ ಬಾಗಿಲೂ ಮುಚ್ಚುತ್ತಿತ್ತು. ಈಗಲೇ ಎದ್ದು ಓಡಿದರೆ ಅದಾದರೂ ಸಿಗುತ್ತದೆ. "ನಡೀರಿ ಸಾಹೇಬ್ರ, ಬಿ.ಎ. ಸೇರ್ತೇನಿ" ಎಂದೆ.

"ನಿನಗ ಯಾವುದು ಬೇಕು? ಅಪ್ಪಂದಲ್ಲ, ಅವ್ವಂದಲ್ಲ, ನಿಂದು ಹೇಳು."

"ವಿಮಾನದ್ದರಿ."

"ಹಂಗಾದ್ರ ಕೂಡು."

ಕುಳಿತೆ. ಮೂರು ಹೊಡೆಯಿತು. ಬಿ.ಎ. ಕೈಬಿಟ್ಟು ಹೋಯಿತು. ನಾಲ್ಕರ ಸುಮಾರಿಗೆ ಪ್ರಿನ್ಸಿಪಾಲರು ಹೊರಗೆ ಬಂದರು. ಮೌಲ್ವಿ ಸಾಹೇಬರು ಎದ್ದು ನಿಂತು, ಉರ್ದುವಿನಲ್ಲಿ ವಿಷಯ ಹೇಳಿ, ಜಂತ್ರಿ ಎಂಬ ಹಳೆಯ ಪಂಚಾಂಗ ಬಿಚ್ಚಿ ಎರಡು ಸನ್ನುಗಳನ್ನೂ ಬೆರಳಿಟ್ಟು ತೋರಿಸಿದರು. ಪ್ರಿನ್ಸಿಪಾಲರು ಜಂತ್ರಿ ನೋಡಲಿಲ್ಲ, ನನ್ನ ಮುಖ ನೋಡಿದರು. ಗುಮಾಸ್ತನ ಕಡೆ ತಿರುಗಿ, "ಈ ಹುಡುಗನಿಗೆ ಇಪ್ಪತ್ತೆಂಟು ಎಂದು ಬರೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು?" ಎಂದರು. ಅಂದೇ ಸಂಜೆ ಪಟ್ಟಿಯ ಕೊನೆಯಲ್ಲಿ ನನ್ನ ಹೆಸರು ಸೇರಿತು.

ಮರುವರ್ಷ, ಮೊದಲ ಸಲ ಆಕಾಶಕ್ಕೆ ಏರಿದ ವಾರವೇ ರೈಲಿನಲ್ಲಿ ಬೀದರಕ್ಕೆ ಬಂದು ಮೌಲ್ವಿ ಸಾಹೇಬರ ಮನೆಗೆ ಹೋದೆ.

"ಹೆದರಿಕಿ ಆಯ್ತಾ?" ಎಂದು ಕೇಳಿದರು.

"ಭಾಳ ಆಯ್ತರಿ."

"ಹಂಗಾದ್ರ ಖರೆ ಹಾರೀದಿ" ಎಂದು ನಕ್ಕು, ಒಳಗೆ ಚಹಾ ಹೇಳಿದರು.

ಪದವಿ ಪಡೆದೆ, ಲೈಸೆನ್ಸ್ ಪಡೆದೆ, ಕೊನೆಗೆ ವಿಮಾನ ಕಲಿಸುವ ಶಾಲೆಯೊಂದರಲ್ಲಿ ಹುಡುಗರನ್ನು ಸೇರಿಸಿಕೊಳ್ಳುವ ಕೆಲಸವೂ ನನ್ನ ಪಾಲಿಗೆ ಬಂತು. ಅರ್ಜಿಯಲ್ಲಿ ಏನೋ ಹೊಂದುತ್ತಿಲ್ಲವೆಂದು ಕಂಡರೆ ನಾನು ನಾಮಂಜೂರು ಎಂದು ಬರೆಯುವುದಿಲ್ಲ. ಎದ್ದು ಹೊರಗೆ ಹೋಗಿ, ಬೆಂಚಿನ ಮೇಲೆ ಕುಳಿತವನ ಮುಖವನ್ನು ಮೊದಲು ನೋಡುತ್ತೇನೆ.